ಹುಸೇನಪ್ಪನ ಎಲುಬಿನೊಳಗಿನ ಸುಳ್ಳು ಡಂಗುರ

ಕೆಲಸಕ್ಕೆ ಸೇರಿದ ಮೂರನೆಯ ದಿನ ನಾನು ಹೆಂಡತಿಯ ಕಾಯಿಲೆಗೆ ಗಂಡನ ರಕ್ತ ಪರೀಕ್ಷೆ ಮಾಡಿದೆ.

ಮಾನ್ವಿ ಕಡೆಯಿಂದ ಬಂದ ದಂಪತಿ. ಹೆಂಡತಿಗೆ ಸುಸ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವಳು ಸೆರಗು ಹೊದ್ದು ಬಾಗಿಲ ಮರೆಗೆ ನಿಂತಿದ್ದಳು. ಗಂಡ ಮುಂದೆ ಬಂದು ಚೀಟಿ ಕೊಟ್ಟ. ನಾನು ಕೈ ಚಾಚು ಅಂದೆ, ಚಾಚಿದ. ಬೆರಳಿಗೆ ಸೂಜಿ ಚುಚ್ಚಿದೆ. ಅವನು ಯಾಕೆ ಎಂದು ಕೇಳಲೇ ಇಲ್ಲ. ದವಾಖಾನೆಯವರಿಗೆ ಯಾರಿಗೆ ಚುಚ್ಚಬೇಕೆಂದು ಗೊತ್ತಿರುತ್ತದೆ ಎಂದು ಅವನ ನಂಬಿಕೆ. ಅವನ ರಕ್ತದಲ್ಲಿ ಹಿಮೋಗ್ಲೋಬಿನ್ ಭರ್ತಿ ಹದಿನಾಲ್ಕು ಗ್ರಾಂ ಇತ್ತು. ಹಾಗೇ ಬರೆದುಕೊಟ್ಟೆ. ವಾರ್ಡಿನ ಡಾಕ್ಟರು ಚೀಟಿ ನೋಡಿ, ಈ ಹೆಣ್ಣುಮಗಳಿಗೆ ಏನೂ ಆಗಿಲ್ಲ, ಹೊಲದ ಕೆಲಸ ತಪ್ಪಿಸಲು ನೆಪ ಹೇಳುತ್ತಾಳೆ ಎಂದು ಕಳಿಸಿದರು. ಅವಳು ಗೇಟಿನವರೆಗೂ ಹೋಗಲಿಲ್ಲ, ಬೇವಿನ ಮರದ ಕೆಳಗೆ ಕುಸಿದಳು.

ನನ್ನ ಮೇಲಿನ ಅಧಿಕಾರಿ ಡಾಕ್ಟರ್ ಶ್ರೀಪಾದರಾವ್ ಆ ದಾರಿಯಲ್ಲೇ ಬರುತ್ತಿದ್ದರು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಜೋಳದ ಹಿಟ್ಟು ಬಳಿದ ಹಾಗೆ ಬಿಳಿ. ನನ್ನನ್ನು ಕರೆಸಿ, ಈ ಹದಿನಾಲ್ಕು ಗ್ರಾಂ ಎಲ್ಲಿಂದ ತಂದಿರಿ ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಗಂಡ ತನ್ನ ಬೆರಳು ಎತ್ತಿ ತೋರಿಸಿ, "ಅಕ್ಕಾರು ಕೈ ಕೇಳಿದ್ರು, ಕೊಟ್ಟೀನ್ರಿ" ಅಂದ.

ಈಗ ಲ್ಯಾಬಿಗೆ ಸೇರುವ ಮಕ್ಕಳಿಗೆ ಇದನ್ನು ಮೊದಲು ಹೇಳಿಬಿಡುತ್ತೇನೆ. ಯಂತ್ರ ಎಷ್ಟೇ ಚಲೋ ಇರಲಿ, ಬೆರಳು ಯಾರದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಹೆಸರು ಕೇಳಿ. ಊರು ಕೇಳಿ. ಕಾಯಿಲೆ ಯಾರಿಗೆ ಎಂದೂ ಕೇಳಿ.

ನಾನು ಮಾನ್ವಿ ತಾಲ್ಲೂಕಿನ ಬಾಗಲವಾಡದವಳು. ಅಪ್ಪ ಅವ್ವ ಇಬ್ಬರೂ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಕೂಲಿಗಳು. ಮೆಟ್ರಿಕ್ ಮುಗಿಸಿ, ಲ್ಯಾಬಿನ ಟ್ರೇನಿಂಗ್ ಮುಗಿಸಿ, ಎಪ್ಪತ್ತರ ದಶಕದ ನಡುವೆ ರಾಯಚೂರಿನ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಾಗ ಅವ್ವ ಕೇಳಿದ್ದು ಒಂದೇ ಮಾತು: ಅಲ್ಲಿ ನೆರಳು ಇರುತ್ತದೋ ಇಲ್ಲವೋ. ನೆರಳಿತ್ತು. ಫ್ಯಾನೂ ಇತ್ತು, ಆದರೆ ಹಚ್ಚುವ ಹಾಗಿರಲಿಲ್ಲ, ಸ್ಪಿರಿಟ್ ದೀಪ ಆರುತ್ತಿತ್ತು.

ಆಗಿನ ಕೆಲಸದ ರೀತಿ ಕೇಳಿದರೆ ನಿಮಗೆ ಅಸಹ್ಯ ಆಗಬಹುದು. ರಕ್ತವನ್ನು ಸಣ್ಣ ಗಾಜಿನ ಕೊಳವೆಯಿಂದ ಬಾಯಲ್ಲಿ ಹೀರುತ್ತಿದ್ದೆವು. ಗೆರೆಗೆ ಬಂದ ಕೂಡಲೇ ನಾಲಿಗೆಯಿಂದ ತಡೆಯಬೇಕು. ಯಾರಾದರೂ ಹಿಂದಿನಿಂದ ಬಂದು ಮಾತಾಡಿಸಿದರೆ ಗೆರೆ ದಾಟಿ ನೇರ ಬಾಯಿಗೆ. ಆಮೇಲೆ ಆ ರಕ್ತವನ್ನು ಆಸಿಡ್‌ನಲ್ಲಿ ಬೆರೆಸಿ, ಹನಿಹನಿಯಾಗಿ ನೀರು ಹಾಕುತ್ತ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದಿಸುವುದು. ಕಿಟಕಿಯ ಬೆಳಕೇ ದಿಕ್ಕು. ಒಂದು ಮೋಡದ ದಿನ ನನ್ನ ರಿಜಿಸ್ಟರ್ ನೋಡಿದ ಶ್ರೀಪಾದರಾವ್, ಮಳೆ ಬರುವ ಮುಂದೆ ಜಿಲ್ಲೆಯ ಮಂದಿಗೆಲ್ಲ ರಕ್ತ ಏರುತ್ತದೆ ಎಂಬುದು ತಮಗೆ ಇಷ್ಟು ವರ್ಷ ಗೊತ್ತಿರಲಿಲ್ಲ ಎಂದರು.

ಬೇಸಿಗೆಯಲ್ಲಿ ಇನ್ನೊಂದು ಕಷ್ಟ, ನೊಣ. ಗಾಜಿನ ಮೇಲೆ ಬಳಿದ ರಕ್ತ ಒಣಗಲು ಬಿಟ್ಟರೆ ನೊಣ ಬಂದು ನೆಕ್ಕಿ ಹೋಗುತ್ತಿದ್ದವು. ಒಮ್ಮೆ ನಾನು ನೊಣ ತಿಂದ ಸ್ಲೈಡನ್ನೇ ನೋಡಿ, ಬಿಳಿಕಣ ಬಹಳ ಕಡಿಮೆ ಎಂದು ಬರೆದುಕೊಟ್ಟೆ. ಊರಿನ ನೀರೂ ಸವಳು. ಸ್ಲೈಡಿಗೆ ಬಣ್ಣ ಹಾಕಿ ತೊಳೆದರೆ ಎಲ್ಲವೂ ನೀಲಿ. ಕೊನೆಗೆ ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರು ತಂದು ಬಣ್ಣ ಕಲಸತೊಡಗಿದೆ.

ಶ್ರೀಪಾದರಾವ್ ಮಾನ್ವಿಯ ವೈಷ್ಣವ ಮನೆತನದವರು. ಹಣೆಯ ಮೇಲೆ ಅಂಗಾರದ ಗೆರೆ, ಕೊರಳಲ್ಲಿ ಕನ್ನಡಕದ ದಾರ. ಅವರ ಸ್ವಭಾವವನ್ನು ವ್ಯಾಕರಣದಿಂದ ತಿಳಿಯಬೇಕಿತ್ತು. ಖುಷಿಯಲ್ಲಿದ್ದರೆ ನನಗೆ "ನೀನು", ಸಿಟ್ಟು ಬಂದರೆ "ನೀವು", ಬಹಳ ಸಿಟ್ಟು ಬಂದರೆ "ಸರೋಜಾಬಾಯಾರು". ಮೊದಲ ಎರಡು ವರ್ಷ ನನಗೆ ಭಾರಿ ಮರ್ಯಾದೆ ಸಿಕ್ಕಿತು.

ಅವರ ತಾಯಿ ಮಗನ ವೃತ್ತಿಯನ್ನು ಒಪ್ಪಿರಲಿಲ್ಲ. ದಿನವೆಲ್ಲ ಕಂಡವರ ರಕ್ತ ಮುಟ್ಟಿ ಬರುವ ಮಗ ಹಿತ್ತಿಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬರಬೇಕು. ಸೈಕಲ್ಲಿಗೂ ಎರಡು ಚೆಂಬು ನೀರು. ಸೈಕಲ್ಲು ತುಕ್ಕು ಹಿಡಿದು ಹಾಳಾಯಿತು. ಒಮ್ಮೆ ಆ ತಾಯಿಗೇ ಜ್ವರ ಬಂದು ಲ್ಯಾಬಿಗೆ ಬಂದರು. ಸೂಜಿ ತೊಳೆದದ್ದೋ ಎಂದು ಕೇಳಿದರು. ಕುದಿಸಿದ್ದು ಅಂದೆ. ಎಷ್ಟು ಹೊತ್ತು ಎಂದರು, ಹೇಳಿದೆ. ಕುದಿಸಿದ ಮೇಲೆ ಯಾರಾದರೂ ಮುಟ್ಟಿದರೆ ಎಂದರು. ಮುಟ್ಟಿದರೆ ಮತ್ತೆ ಕುದಿಸುತ್ತೇನೆ ಅಂದೆ. ಮುದುಕಿ ಮಗನ ಕಡೆ ತಿರುಗಿ, "ನಮ್ಮನಿ ಮಡಿಗಿಂತ ಈಕಿ ಮಡಿ ಜಾಸ್ತಿ ಅದ" ಎಂದು ಬೆರಳು ಕೊಟ್ಟರು. ನಾನು ಬಾಗಲವಾಡದ ಯಾವ ಓಣಿಯವಳೆಂದು ಅವರಿಗೆ ಗೊತ್ತಿತ್ತು. ಬೆರಳು ಕೊಡುವಾಗ ಕಣ್ಣು ಮುಚ್ಚಿಕೊಂಡರು. ಸೂಜಿಯ ಹೆದರಿಕೆಗೋ, ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ.

ಇಷ್ಟು ಹೇಳಿದ ಮೇಲೆ ಹುಸೇನಪ್ಪನ ವಿಷಯಕ್ಕೆ ಬರಬಹುದು. ನನ್ನ ಮೂವತ್ತು ಚಿಲ್ಲರೆ ವರ್ಷದ ಕೆಲಸದಲ್ಲಿ ಅವನಂಥ ರೋಗಿ ಇನ್ನೊಬ್ಬ ಬರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಿಂದ ಬಂದಿದ್ದ. ವಯಸ್ಸು ಐವತ್ತರ ಮೇಲೆ, ಕಸುಬು ಬಾವಿ ತೋಡುವುದು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಎಡಗಡೆ ಪಕ್ಕೆಲುಬಿನ ಕೆಳಗಿಂದ ಹೊಕ್ಕುಳ ದಾಟಿ ಗುಲ್ಮ, ಡಾಕ್ಟರರ ಮಾತಿನ ಸ್ಪ್ಲೀನ್, ಬೆಳೆದಿತ್ತು. ನಮ್ಮ ಕಡೆ ಇದಕ್ಕೆ ಜ್ವರಗಡ್ಡಿ ಅನ್ನುತ್ತಾರೆ. ಮಲೇರಿಯಾ ಬಂದು ಬಂದು ಉಳಿಯುವ ಗಡ್ಡೆ. ಹುಸೇನಪ್ಪನಿಗೂ ಅದೇ ಎಂದು ಆರು ವರ್ಷದಿಂದ ಮಲೇರಿಯಾ ಗುಳಿಗೆ ನುಂಗಿಸಿದ್ದರು. ಊರಲ್ಲಿ ಹೊಟ್ಟೆಯ ಮೇಲೆ ಬರೆಯನ್ನೂ ಹಾಕಿಸಿಕೊಂಡಿದ್ದ, ಸಾಲಾಗಿ ಏಳು. ಅವನ ಹೆಂಡತಿ ದುರಗಮ್ಮ ಎದುರಿಗೆ ಸಿಕ್ಕವರಿಗೆಲ್ಲ, ನಾನು ಹಡೆದದ್ದು ನಾಲ್ಕು ಸಲ, ಇವನದು ಆರು ವರ್ಷದಿಂದ ಒಂದೂ ಹೊರಗೆ ಬಂದಿಲ್ಲ ಎಂದು ಹೇಳುತ್ತಿದ್ದಳು.

ಆಗಷ್ಟೇ ನಮ್ಮಲ್ಲಿಗೆ ಹೊಸ ಸರ್ಜನ್ ಬಂದಿದ್ದರು. ಕೈ ಚುರುಕು, ಕಾಲು ಇನ್ನೂ ಚುರುಕು, ಯಾವಾಗಲೂ ಅವಸರ. ಹುಸೇನಪ್ಪನ ಹೊಟ್ಟೆ ಮುಟ್ಟಿ ನೋಡಿ, ಗಡ್ಡೆ ತೆಗೆದುಬಿಡೋಣ ಎಂದು ಗುರುವಾರಕ್ಕೆ ಹೆಸರು ಬರೆಸಿದರು. ಆಪರೇಷನ್ನಿಗೆ ಮುಂಚೆ ರಕ್ತ ನೋಡಬೇಕು. ಹಾಗೆ ಅವನ ಬೆರಳು ನನ್ನ ಮುಂದೆ ಬಂತು. ಬೆರಳು ಯಾರದೆಂದು ಎರಡು ಸಲ ಕೇಳಿದೆ. ನನ್ನದೇ, ಹುಟ್ಟಿದಾಗಿನಿಂದ ಅಲ್ಲೇ ಅದೆ ಅಂದ.

ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ಕೆಂಪುಕಣಗಳಿಗೆ ಬಾಲ. ಕೆಂಪುಕಣ ಅಂದರೆ ದುಂಡಗೆ ಇರಬೇಕು, ನಡುವೆ ಸ್ವಲ್ಪ ತಗ್ಗು. ಇಲ್ಲಿ ಹತ್ತರಲ್ಲಿ ಮೂರಕ್ಕೆ ಒಂದು ಕಡೆ ಚೂಪು. ಕಪ್ಪೆಯ ಮರಿ, ಗೊದಮೊಟ್ಟೆ, ಥೇಟ್ ಹಾಗೆ. ಶ್ರೀಪಾದರಾವ್ ಒಂದು ಕ್ಷಣ ನೋಡಿ ತಲೆ ಎತ್ತಿದರು. ರಕ್ತ ಬಳಿಯುವಾಗ ಕೈ ಒತ್ತಿದರೆ ಕಣ ಎಳೆದುಕೊಂಡು ಬಾಲ ಬರುತ್ತವೆ, ಇನ್ನೊಂದು ಮಾಡಿ ಎಂದರು. "ಮಾಡಿ" ಅಂದದ್ದರಿಂದಲೇ ನನಗೆ ಹವಾಮಾನ ತಿಳಿಯಿತು. ಇನ್ನೊಂದು ಮಾಡಿದೆ, ಬಾಲ. ಗಾಜು ಬದಲಾಯಿಸಿ ಮಾಡಿದೆ, ಬಾಲ. ನನ್ನ ಕೈಯನ್ನೇ ನಂಬದೆ ನನ್ನ ರಕ್ತವನ್ನೂ ಪಕ್ಕದಲ್ಲಿ ಬಳಿದೆ. ನನ್ನದು ದುಂಡಗೆ, ಹುಸೇನಪ್ಪನದು ಬಾಲ. ಮೂರನೆಯ ಸ್ಲೈಡ್ ಒಯ್ದಾಗ ಅವರು ನೋಡಲಿಲ್ಲ. "ಸರೋಜಾಬಾಯಾರ, ಎಂಟು ವರ್ಷಾತು ನೀವು ಸ್ಲೈಡ್ ಮಾಡಾಕತ್ತು" ಎಂದಷ್ಟೇ ಹೇಳಿದರು. ಮೆಮೊ ಕೊಟ್ಟಿದ್ದರೆ ಅಷ್ಟು ಬೇಸರ ಆಗುತ್ತಿರಲಿಲ್ಲ.

ಮರುದಿನ, ಆಪರೇಷನ್ನಿಗೆ ಒಂದೇ ದಿನ ಉಳಿದಿರುವಾಗ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಆ ಸ್ಲೈಡನ್ನೇ ಮತ್ತೆ ಇಟ್ಟು ನೋಡುತ್ತ ಕೂತೆ. ಆಗ ಹೊಳೆಯಿತು. ನನ್ನ ಕೈ ಎಳೆದದ್ದರಿಂದ ಬಾಲ ಬಂದಿದ್ದರೆ ಎಲ್ಲ ಬಾಲವೂ ಒಂದೇ ದಿಕ್ಕಿಗೆ ಇರಬೇಕು. ಕಾಲುವೆ ನೀರಿನಲ್ಲಿ ಬಿದ್ದ ಹುಲ್ಲು ಹರಿವಿನ ಕಡೆಗೇ ಮುಖ ಮಾಡುತ್ತದೆ. ಇಲ್ಲಿ ಒಂದರ ಬಾಲ ಮೇಲೆ, ಒಂದರದು ಕೆಳಗೆ, ಒಂದು ಎಡಕ್ಕೆ, ಒಂದು ಬಲಕ್ಕೆ. ನಿಂತ ಕೆರೆಯ ಗೊದಮೊಟ್ಟೆಗಳು. ಅಂದರೆ ಈ ಬಾಲ ಕಣಗಳ ಸ್ವಂತದ್ದು.

ಶ್ರೀಪಾದರಾವ್ ಮನೆಯಿಂದ ತಂದ ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದರು. ಊಟದ ನಡುವೆ ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತು, ಬಾಲದ ದಿಕ್ಕು ನೋಡಿರಿ ಸರ್ ಎಂದೆ. ಅವರು ಕೈಯಲ್ಲಿದ್ದ ತುತ್ತು ಹಾಗೇ ಡಬ್ಬಿಗೆ ಬಿಟ್ಟು ಎದ್ದು ಬಂದರು. ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಧೂಳು ಊದಿ, ಹಾಳೆ ಮಗುಚಿ ಒಂದು ಚಿತ್ರ ತೋರಿಸಿದರು. ಪುಸ್ತಕದವರು ಅವಕ್ಕೆ ಕಣ್ಣೀರ ಹನಿಯ ಕಣ ಎಂದು ಹೆಸರಿಟ್ಟಿದ್ದರು. ಅವರ ಊರಲ್ಲಿ ಗೊದಮೊಟ್ಟೆ ಇರಲಿಲ್ಲವೇನೋ. ಎಲುಬಿನೊಳಗಿನ ಮಜ್ಜೆಯಲ್ಲಿ ನಾರು ಬೆಳೆದು ಗಟ್ಟಿಯಾದಾಗ, ಅದರ ಸಂದಿಯಲ್ಲಿ ತೂರಿ ಬರುವ ಕಣಗಳು ಹೀಗೆ ಎಳೆದುಕೊಳ್ಳುತ್ತವಂತೆ. ಮಜ್ಜೆಯಲ್ಲಿ ಜಾಗ ಸಾಲದೆ ರಕ್ತ ತಯಾರಿಸುವ ಕೆಲಸ ಗುಲ್ಮಕ್ಕೆ ಹೋಗುತ್ತದಂತೆ. ಅದಕ್ಕೇ ಅದು ದೊಡ್ಡದಾಗುವುದು.

"ನಿನ್ನ ಕೈ ಸರಿ ಅದ. ನಾ ನೋಡಿದ್ದು ಸರಿ ಇರಲಿಲ್ಲ" ಅಂದರು. "ನಿನ್ನ" ಅಂದದ್ದು ನನ್ನ ಕಿವಿಗೆ ಬಿತ್ತು.

ಆ ಗಳಿಗೆಯಲ್ಲೇ ಸರ್ಜನ್ ಕೋಣೆಗೆ ಹೋದರು, ನನ್ನನ್ನೂ ಕರೆದುಕೊಂಡು. ಆ ಗಡ್ಡೆ ತೆಗೆಯುವುದು ಬೇಡ, ಅವನ ರಕ್ತ ತಯಾರಾಗುತ್ತಿರುವುದು ಬಹುಶಃ ಅದರಲ್ಲೇ ಎಂದರು. ಸರ್ಜನ್ ಕೈಗಡಿಯಾರ ನೋಡಿಕೊಂಡು, ಒಬ್ಬ ಹುಡುಗಿಯ ಗೊದಮೊಟ್ಟೆಗಾಗಿ ನಾನು ಆಪರೇಷನ್ ನಿಲ್ಲಿಸಬೇಕೇ ಎಂದು ನಕ್ಕರು.

"ಹುಡುಗಿ ಅಲ್ಲ, ನಮ್ಮ ಟೆಕ್ನಿಷಿಯನ್. ಗೊದಮೊಟ್ಟಿ ಆಕಿವಲ್ಲ, ನಿಮ್ಮ ರೋಗಿವು" ಎಂದರು ಶ್ರೀಪಾದರಾವ್. "ಮಜ್ಜೆ ನೋಡೂತನಾ ತಡೀರಿ. ತಡದು ಕೆಟ್ಟರ ನನ್ನ ಹೆಸರು ಬರೀರಿ."

ಸರ್ಜನ್ ತಡೆದರು. ಮನಸ್ಸಿಲ್ಲದೆ ತಡೆದರು, ಆದರೆ ತಡೆದರು.

ಮಜ್ಜೆ ತೆಗೆಯುವ ಮುಂಚೆ ರೋಗಿಗೆ ತಿಳಿಸಿ ಹೇಳಬೇಕಲ್ಲ. ಶ್ರೀಪಾದರಾವ್ ಮಂಚದ ಪಕ್ಕ ನಿಂತು, ಎಲುಬಿನೊಳಗೆ ಮಜ್ಜೆ ಎಂಬ ಮೃದುವಾದ ಪದಾರ್ಥ ಇರುತ್ತದೆ ಎಂದು ಶುರು ಮಾಡಿದರು. ಹುಸೇನಪ್ಪನಿಗೆ ತಿಳಿಯಲಿಲ್ಲ. ನಾನು, "ಮಟನ್ ತಿನ್ನಾಗ ನಲ್ಲಿ ಎಲುಬಿನಾಗ ಇರ್ತದಲ್ಲ, ಅದು" ಅಂದೆ. ಅವನ ಮುಖ ಅರಳಿತು. ನಲ್ಲಿಯನ್ನು ತಟ್ಟೆಗೆ ಹೇಗೆ ಕುಟ್ಟಬೇಕು, ಹೇಗೆ ಹೀರಬೇಕು, ಬರದಿದ್ದರೆ ಹಿಂದಿನಿಂದ ಹೇಗೆ ಊದಬೇಕು ಎಂದು ಬಾಯಿ ಸಪ್ಪಳ ಸಮೇತ ವಿವರಿಸಿದ. ಹುಟ್ಟಿದಾಗಿನಿಂದ ಬೆಳ್ಳುಳ್ಳಿಯನ್ನೂ ಮುಟ್ಟದ ನಮ್ಮ ಡಾಕ್ಟರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಅದನ್ನೇ ಸೂಜಿಯಿಂದ ಹೀರುತ್ತಾರೆ ಅಂದೆ. ಹೀರಲಿ, ನನ್ನದೂ ಒಬ್ಬರು ಹೀರಲಿ ಎಂದು ಹುಸೇನಪ್ಪ ಬೋರಲು ಮಲಗಿದ.

ಸೊಂಟದ ಎಲುಬಿಗೆ ಮದ್ದು ಚುಚ್ಚಿ, ಮರಗಟ್ಟಿದ ಮೇಲೆ ದಪ್ಪ ಸೂಜಿ ತಿರುವಿ ಇಳಿಸಿದರು. ಸಿರಿಂಜ್ ಎಳೆದರೆ ಏನೂ ಬರಲಿಲ್ಲ. ಒಂದು ಹನಿಯೂ ಇಲ್ಲ. ಸ್ವಲ್ಪ ಸರಿದು ಇನ್ನೊಮ್ಮೆ ಇಳಿಸಿದರು, ಇಲ್ಲ. ಇನ್ನೊಂದು ಬದಿಗೆ, ಅಲ್ಲೂ ಇಲ್ಲ. ಮೇ ತಿಂಗಳ ಬಿಸಿಲು, ಬೆವರು ಅವರ ಕನ್ನಡಕದ ಮೇಲೆ ಹನಿಯುತ್ತಿತ್ತು. ತಮ್ಮ ಕೈಯೇ ಕೆಟ್ಟಿದೆ, ಅಭ್ಯಾಸ ತಪ್ಪಿದೆ ಎಂದು ಗೊಣಗಿದರು. ಸರ್ಜನ್ ಬಾಗಿಲಲ್ಲಿ ಇಣುಕಿ ಹೋದದ್ದು ಗಾಯದ ಮೇಲೆ ಉಪ್ಪು ಇಟ್ಟಂತಾಯಿತು.

ಬೋರಲು ಮಲಗಿದ್ದ ಹುಸೇನಪ್ಪ ತಲೆಯನ್ನು ಇತ್ತ ತಿರುಗಿಸಿದ.

"ಸಾಹೇಬ್ರ, ನಾ ಮೂವತ್ತು ವರ್ಷ ಬಾವಿ ತೋಡೀನಿ. ನೀರು ಬರಲಿಲ್ಲಂದ್ರ ತೋಡಾಂವನ ತಪ್ಪಲ್ರಿ. ಒಳಗ ಕಲ್ಲೋ ಮಣ್ಣೋ ಏನು ಹತ್ತ್ಯದ ನೋಡಬೇಕ್ರಿ. ಹತ್ತಿದ್ದ ಒಂದು ಚೂರು ಮ್ಯಾಲ ತಗೀರಿ, ನೋಡೂಣು."

ಶ್ರೀಪಾದರಾವ್ ಸೂಜಿ ಹಿಡಿದುಕೊಂಡೇ ನಿಂತುಬಿಟ್ಟರು. ಪುಸ್ತಕದಲ್ಲೂ ಅದನ್ನೇ ಬರೆದಿದ್ದರು. ಹೀರಿದರೆ ಬರದಿದ್ದರೆ ಎಲುಬಿನ ಚೂರನ್ನೇ ಕೊರೆದು ತೆಗೆಯಬೇಕು. ನಾರು ತುಂಬಿದ ಮಜ್ಜೆ ಹೀರಿದರೆ ಬರುವುದಿಲ್ಲ. ಬಾರದಿರುವುದೇ ರೋಗದ ಗುರುತು. ಗೊತ್ತಿದ್ದ ವಿಷಯ ಬೆವರಿನಲ್ಲಿ ಮರೆತಿತ್ತು.

ಕೊರೆಯುವ ಸೂಜಿ ನಮ್ಮಲ್ಲಿ ಇರಲಿಲ್ಲ. ದೂರದ ಒಂದು ಮೆಡಿಕಲ್ ಕಾಲೇಜಿಗೆ ಪತ್ರ ಬರೆದು ತರಿಸಿದರು. ಅದು ಬರುವವರೆಗೂ ಹುಸೇನಪ್ಪ ವಾರ್ಡಿನಲ್ಲೇ ಇದ್ದ. ಸುಮ್ಮನೆ ಮಲಗುವ ಜಾತಿಯಲ್ಲ. ದವಾಖಾನೆಯ ಬಾವಿಗೆ ಇಣುಕಿ ಕಲ್ಲಿನ ಕಟ್ಟಡ ಸೊಟ್ಟ ಎಂದು ಆಫೀಸಿಗೆ ದೂರು ಕೊಟ್ಟ. ಅಂತೂ ಸೂಜಿ ಬಂತು. ಕಡಲೆಕಾಯಿ ಬೀಜಕ್ಕಿಂತ ಸಣ್ಣ ಎಲುಬಿನ ಚೂರು ಸಿಕ್ಕಿತು. ಅದನ್ನು ಕೆಡದ ಹಾಗೆ ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ, ಅಂಚೆಯವರು ಒಡೆಯುತ್ತಾರೆ, ಆ ಕಾಲೇಜಿಗೆ ನೀನೇ ಒಯ್ದು ಕೊಡು ಎಂದು ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಬಾಟಲಿಯನ್ನು ಎದೆಗೆ ಒತ್ತಿ ನಿಂತಿದ್ದೆ. ಫಾರ್ಮಲಿನ್ ವಾಸನೆಗೆ ಸುತ್ತಲಿನವರ ಕಣ್ಣಲ್ಲಿ ನೀರು. ಒಬ್ಬ ಮುದುಕಿ, ಯಾವ ಉಪ್ಪಿನಕಾಯಿ ತಂಗೀ, ಬಹಳ ಖಾರ ಅದ ಕಾಣ್ತದ ಎಂದು ಕೇಳಿದಳು. ಉಪ್ಪಿನಕಾಯಿ ಅಲ್ಲ ಅವ್ವ, ಎಲುಬು ಅಂದೆ. ಯಾರದು ಅಂದಳು. ಹುಸೇನಪ್ಪನದು ಅಂದೆ. ಮುಂದಿನ ಊರು ಬರುವಷ್ಟರಲ್ಲಿ ನನಗೆ ಇಡೀ ಸೀಟು ಸಿಕ್ಕಿತು. ಅಲ್ಲಿಂದ ಕೊನೆಯ ತನಕ ಕಾಲು ಚಾಚಿ ಕೂತು ಹೋದೆ.

ಎಲುಬು ಮೆತ್ತಗೆ ಮಾಡಿ ಕತ್ತರಿಸಲು ದಿನ ಹಿಡಿಯುತ್ತದೆ. ಹದಿನೈದು ದಿನ ಬಿಟ್ಟು ಉತ್ತರ ತರಲು ಮತ್ತೆ ಹೋದೆ. ಅಲ್ಲಿನ ಪ್ರೊಫೆಸರ್ ಒಬ್ಬ ಹೆಂಗಸು, ನನಗಿಂತ ಐದಾರು ವರ್ಷಕ್ಕೆ ಹಿರಿಯರು. ಕಾಗದ ಕೊಟ್ಟು ಕಳಿಸಬಹುದಿತ್ತು. ಆದರೆ ಶ್ರೀಪಾದರಾವ್ ಪತ್ರದಲ್ಲಿ ಬರೆದಿದ್ದರಂತೆ, ಬಾಲದ ದಿಕ್ಕು ನೋಡಿದವಳು ನೀನೇ ಏನು ಎಂದು ಕೇಳಿ, ತಮ್ಮ ಕುರ್ಚಿ ಸರಿಸಿ ಕೂರಿಸಿ ಸ್ಲೈಡ್ ತೋರಿಸಿದರು. ಮಜ್ಜೆ ಇರಬೇಕಾದಲ್ಲಿ ಜೇಡರ ಬಲೆಯ ಹಾಗೆ ಕಪ್ಪು ನಾರು. ನಡುನಡುವೆ ದೊಡ್ಡ ದೊಡ್ಡ ಕಣಗಳು, ರಕ್ತ ಹೆಪ್ಪುಗಟ್ಟಿಸುವ ಚೂರುಗಳನ್ನು ತಯಾರಿಸುವಂಥವು.

ಅವರು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಇಷ್ಟು. ನಾರು ನೇಯುವ ಕಣಗಳದ್ದು ತಪ್ಪಿಲ್ಲ, ಅವು ಎಲ್ಲರಲ್ಲಿಯೂ ಇರುತ್ತವೆ, ಹೇಳಿದಷ್ಟು ನೇಯುತ್ತವೆ. ತಪ್ಪಿರುವುದು ಈ ದೊಡ್ಡ ಕಣಗಳಲ್ಲಿ. ಅವು ಹದ ತಪ್ಪಿ ಒಂದು ರಸ ಸೋರಿಸುತ್ತವೆ. ಆ ರಸವೇ ನೇಯುವ ಕಣಗಳಿಗೆ ಬೆಳೆಯಿರಿ, ನೇಯಿರಿ ಎಂಬ ಸುದ್ದಿ. ಅವು ಪಾಪ ನಂಬಿ ನೇಯುತ್ತ ಹೋಗುತ್ತವೆ. ಇದು ಸದ್ಯಕ್ಕೆ ಹೆಚ್ಚಿನವರ ಅನುಮಾನ, ಪೂರ್ತಿ ಗೊತ್ತಾಗಿಲ್ಲ ಎಂದೂ ಸೇರಿಸಿದರು. ಇಂಥ ರಸಗಳಿಗೆಲ್ಲ ಸೇರಿಸಿ ಸೈಟೊಕೈನ್ ಎಂದು ಕರೆಯುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇದನ್ನು ಹುಸೇನಪ್ಪನಿಗೆ ಹೇಳುವ ಕೆಲಸವೂ ನನಗೇ ಬಂತು. ನಲ್ಲಿ ಎಲುಬಿನ ನಂತರ ಶ್ರೀಪಾದರಾವ್ ಆ ಸಾಹಸಕ್ಕೆ ಹೋಗಲಿಲ್ಲ, ಪಕ್ಕದಲ್ಲಿ ನಿಂತರು. ನಾನು ಹೇಳುತ್ತ ಹೋದೆ, ಅವನು ಕಣ್ಣು ಕಿರಿದು ಮಾಡಿ ಕೇಳಿದ. ಆಮೇಲೆ ತನ್ನ ಊರಿನ ಕಥೆಯೊಂದನ್ನು ತೆಗೆದ. ಡಂಗುರ ಸಾರುವವನು ಒಮ್ಮೆ ಕುಡಿದ ಅಮಲಿನಲ್ಲಿ ತಹಶೀಲ್ದಾರರು ಬರುತ್ತಾರೆ ಎಂದು ಸಾರಿಬಿಟ್ಟನಂತೆ. ಊರೆಲ್ಲ ಎದ್ದು ಓಣಿ ಗುಡಿಸಿ, ಸೆಗಣಿ ಸಾರಿಸಿ, ತೋರಣ ಕಟ್ಟಿ ಸಂಜೆಯ ತನಕ ಕಾದರಂತೆ. ಯಾರೂ ಬರಲಿಲ್ಲ. ಮರುದಿನ ನಶೆ ಇಳಿಯದೆ ಮತ್ತೆ ಸಾರಿದ, ಮಂದಿ ಮತ್ತೆ ಗುಡಿಸಿದರು.

"ಅಂದ್ರ ನನ್ನ ಎಲುಬಿನಾಗ ಒಬ್ಬ ಸುಳ್ಳು ಡಂಗುರದಾಂವ ಕುಂತಾನ" ಅಂದ. "ಮಂದಿ ಖರೇ ಅಂತ ದುಡಿಯಾಕತ್ತದ."

ಹೌದು ಅಂದೆ. ನನ್ನ ಇಡೀ ಸರ್ವಿಸಿನಲ್ಲಿ ಆ ರೋಗವನ್ನು ಇಷ್ಟು ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

"ಆ ಡಂಗುರ ಕಸಗೊಳ್ಳಾಕ ಔಷಧ ಇಲ್ಲೇನ್ರಿ?"

ನಾನು ಡಾಕ್ಟರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿ, "ಇಲ್ಲಪ್ಪ. ಇನ್ನೂ ಬಂದಿಲ್ಲ" ಅಂದರು. ರಕ್ತ ಕಡಿಮೆಯಾದಾಗ ಹೊರಗಿನಿಂದ ಹಾಕುತ್ತೇವೆ, ಗಡ್ಡೆ ತೀರ ನೋಯಿಸಿದರೆ ಗುಳಿಗೆ ಇದೆ, ಮಲೇರಿಯಾ ಔಷಧ ಇನ್ನು ಬೇಡ, ಬರೆ ಹಾಕಿಸಿಕೊಳ್ಳಬೇಡ, ಎಷ್ಟು ವರ್ಷ ಎಂದು ಹೇಳಲಾರೆ, ಎಂದು ಎಲ್ಲವನ್ನೂ ಮುಚ್ಚಿಡದೆ ಹೇಳಿದರು. ಗಡ್ಡೆ ತೆಗೆಯುವುದು ಏನಾಯಿತು ಎಂದ ಹುಸೇನಪ್ಪ. ತೆಗೆಯುವುದಿಲ್ಲ, ಎಲುಬು ಕೈಬಿಟ್ಟ ಕೆಲಸವನ್ನು ಅದೇ ಮಾಡುತ್ತಿದೆ ಎಂದೆವು. ಅವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೆಂಡತಿಯ ಕಡೆ ತಿರುಗಿ, ಕೇಳಿದೇನು, ನೀನು ಆರು ವರ್ಷ ಬೈದದ್ದು ಮನೆಯಲ್ಲಿ ದುಡಿಯುವ ಒಬ್ಬನೇ ಆಳಿಗೆ ಎಂದ. ದುರಗಮ್ಮ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಸರ್ಜನ್ನರೂ ಅಂದು ಸಂಜೆ ಲ್ಯಾಬಿಗೆ ಬಂದು, ಆ ಬಾಲದ ಸ್ಲೈಡನ್ನು ನಿಧಾನವಾಗಿ ನೋಡಿ ಹೋದರು. ಅವರು ನಿಧಾನವಾಗಿ ಮಾಡಿದ ಕೆಲಸ ನಾನು ಕಂಡದ್ದು ಅದೊಂದೇ.

ಇನ್ನು ರಕ್ತ ಹಾಕುವ ಕಥೆ. ಎರಡು ಮೂರು ತಿಂಗಳಿಗೊಮ್ಮೆ ಬಾಟಲಿ ಬೇಕು, ಕೊಡುವವರನ್ನು ರೋಗಿಯ ಕಡೆಯವರೇ ಕರೆತರಬೇಕು. ಮೊದಲ ಸಲ ಮಸರಕಲ್ಲಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ಹುಸೇನಪ್ಪನಿಗಾಗಿ ಪ್ರಾಣ ಕೊಡುತ್ತೇವೆ ಎಂದರು. ಪ್ರಾಣ ಬೇಡ, ಒಂದು ಬಾಟಲಿ ರಕ್ತ ಸಾಕು ಎಂದು ಬಾಟಲಿ ತೋರಿಸಿದೆ. ಒಬ್ಬನಿಗೆ ಎಮ್ಮೆಗೆ ನೀರು ಕುಡಿಸುವುದು ನೆನಪಾಯಿತು. ಒಬ್ಬನಿಗೆ ಬಸ್ಸಿನ ವೇಳೆ ನೆನಪಾಯಿತು. ಟ್ರ್ಯಾಕ್ಟರಿನವನಿಗೆ ಟ್ರ್ಯಾಕ್ಟರೇ ನೆನಪಾಯಿತು. ಕೊನೆಗೆ ದುರಗಮ್ಮ ಮತ್ತು ಒಬ್ಬ ಮುದಿಯಾಗುತ್ತಿದ್ದ ಎತ್ತರದ ಆಳು ಇಬ್ಬರೇ ಉಳಿದರು. ದುರಗಮ್ಮನ ಗುಂಪು ಹೊಂದಲಿಲ್ಲ. ಆ ಎತ್ತರದವನದು ಹೊಂದಿತು.

ಅವನು ಬಸಣ್ಣ, ಊರೂರು ತಿರುಗಿ ನೆಲದಲ್ಲಿ ನೀರು ಎಲ್ಲಿದೆ ಎಂದು ತೋರಿಸುವವನು. ಬೇವಿನ ಕವೆಗೋಲು ಹಿಡಿದು ನಡೆಯುತ್ತಿದ್ದ. ಅವನು ತೋರಿಸಿದಲ್ಲಿ ಹುಸೇನಪ್ಪ ತೋಡುತ್ತಿದ್ದ. ನೀರು ಬಂದರೆ ಇಬ್ಬರೂ ಹಂಚಿಕೊಂಡು ಮೆರೆಯುತ್ತಿದ್ದರು. ಬಾರದಿದ್ದರೆ ತೋರಿಸಿದ್ದು ತಪ್ಪೆಂದು ಇವನು, ತೋಡಿದ್ದು ತಪ್ಪೆಂದು ಅವನು. ಇಪ್ಪತ್ತು ವರ್ಷದ ಜಗಳ. ಮಾತು ಬಿಟ್ಟೇ ನಾಲ್ಕು ವರ್ಷ ಆಗಿತ್ತು. ಆದರೂ ಯಾರೂ ಕರೆಯದೆ ಟ್ರ್ಯಾಕ್ಟರ್ ಹತ್ತಿ ಬಂದಿದ್ದ. ಗುಂಪು ಹೊಂದಿದೆ ಎಂದು ನಾನು ಹೇಳಿದಾಗ ಹುಸೇನಪ್ಪ ಗೋಡೆ ಕಡೆ ಮುಖ ಮಾಡಿ, ಇನ್ನೊಮ್ಮೆ ನೋಡಿರಿ ಅಕ್ಕಾರ, ತಪ್ಪಿರಬೇಕು ಎಂದ. ಇನ್ನೊಮ್ಮೆ ನೋಡಿದೆ, ಹೊಂದಿತು.

ಬಸಣ್ಣನ ರಕ್ತ ಅವನ ತೋಳಿಗೆ ಇಳಿಯುವಾಗ ಇಬ್ಬರೂ ನಾಲ್ಕು ವರ್ಷದ ಮೇಲೆ ಮೊದಲ ಸಲ ಮಾತಾಡಿದರು. ಶುರು ಮಾಡಿದವನು ಬಸಣ್ಣ.

"ಲೇ, ಇನ್ನರ ನಿನಗ ನೀರಿನ ಬುದ್ಧಿ ಬರ್ತದ."

"ಬರಲಿ ಬಿಡು. ಎರಡು ಹನಿಗೇ ತಲಿ ತಿರುಗಾಕತ್ತದ ನನಗ."

ಆಮೇಲಿನ ನಾಲ್ಕೂವರೆ ವರ್ಷ ಅವರಿಬ್ಬರೂ ಜೋಡಿಯಾಗಿ ಬರುತ್ತಿದ್ದರು. ಬಸಣ್ಣ ಮೂರು ತಿಂಗಳಿಗೊಮ್ಮೆ, ನಡುವೆ ಬೇರೆ ಯಾರಾದರೂ. ರಕ್ತ ತೆಗೆಯುವ ಕೋಣೆಯಿಂದ ವಾರ್ಡಿನ ತನಕ ಜಗಳದ ಸಪ್ಪಳ ಕೇಳಿದರೆ ನರ್ಸುಗಳಿಗೆ ಮಸರಕಲ್ಲಿನವರು ಬಂದರು ಎಂದು ತಿಳಿಯುತ್ತಿತ್ತು. ಹುಸೇನಪ್ಪ ತೋಡುವುದನ್ನು ಬಿಟ್ಟ, ತೋಡುವವರ ಮೇಲೆ ಕೂತು ಬೈಯುವ ಕೆಲಸ ಹಿಡಿದ. ಶ್ರೀಪಾದರಾವ್ ಪ್ರತಿ ಸಲವೂ ಅವನ ಸ್ಲೈಡನ್ನು ತಾವೇ ನೋಡುತ್ತಿದ್ದರು. ಒಂದು ದಿನ ಅದರಲ್ಲಿ ಎಳಸಾದ ಬಿಳಿಕಣಗಳು ಬಹಳ ಕಂಡವು. ಇಂಥ ರೋಗ ಕೆಲವರಲ್ಲಿ ಕೊನೆಗೆ ರಕ್ತದ ಕ್ಯಾನ್ಸರ್ ಕಡೆ ತಿರುಗುತ್ತದೆ. ಅವರು ನನಗೆ ತೋರಿಸಿದರು. ಹುಸೇನಪ್ಪನಿಗೆ ಹೇಳಿದೆವು. ಡಂಗುರದಾಂವ ಈಗ ಹೆಣದ ಮುಂದಿನ ಹಲಗಿ ಬಡಿಯಾಕತ್ಯಾನೇನು ಎಂದು ಕೇಳಿದ. ಎರಡು ತಿಂಗಳಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ. ಸುದ್ದಿಯನ್ನು ಬಸ್ಸಿನ ಡ್ರೈವರ್ ತಂದ. ಅಂದು ನಾನು ಎಣಿಸಿದ ಕಣಗಳ ಲೆಕ್ಕ ಒಂದೂ ಸರಿ ಹೊಂದಲಿಲ್ಲ, ಎಲ್ಲ ಮತ್ತೆ ಎಣಿಸಿದೆ.

ಅದಾದ ಒಂದು ತಿಂಗಳಿಗೆ, ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದರೆ ಬಸಣ್ಣ ಬೆಂಚಿನ ಮೇಲೆ ಕೂತಿದ್ದ. ಅಂಗಿಯ ತೋಳನ್ನು ಆಗಲೇ ಮಡಚಿಕೊಂಡಿದ್ದ. ಅವನಿಗೆ ಸುದ್ದಿ ಗೊತ್ತಿಲ್ಲವೇ ಎಂದು ನನಗೆ ಗಾಬರಿ. ಆದರೆ ಒಂದೇ ಊರು, ಹೆಗಲು ಕೊಟ್ಟವ ಅವನೇ ಇರಬೇಕು. ಏನು ಬಸಣ್ಣ ಎಂದು ಕೇಳಿದೆ.

"ಮೂರು ತಿಂಗಳಾತಲ್ರಿ ಅಕ್ಕಾರ. ಇವತ್ತ ನನ್ನ ಪಾಳಿ" ಅಂದ. ತೋಳನ್ನು ಇನ್ನೊಂದು ಮಡಿಕೆ ಏರಿಸಿ, "ಮನ್ಯಾಗ ಕುಂದ್ರಾಕ ಆಗಲಿಲ್ಲ. ಯಾರಿಗರ ಹಾಕ್ರಿ" ಅಂದ.

ವಾರ್ಡಿನಲ್ಲಿ ಹೆರಿಗೆಯಾಗಿ ಬಹಳ ರಕ್ತ ಹೋದ ಒಬ್ಬ ಹೆಣ್ಣುಮಗಳು ಇದ್ದಳು. ಅವಳ ಗಂಡ ರಕ್ತ ಕೊಡುವವರಿಗಾಗಿ ನಸುಕಿನಿಂದ ಬೀದಿಬೀದಿ ಅಲೆಯುತ್ತಿದ್ದ. ಬಸಣ್ಣನದೇ ಗುಂಪು. ಬೆರೆಸಿ ನೋಡಿದೆ, ಹೊಂದಿತು. ಅವನು ಮಲಗಿ, ಮೇಲಿನ ಜಂತಿ ನೋಡುತ್ತ, ಯಾರಿಗೆ ಹಾಕುತ್ತೀರಿ ಎಂದು ಕೇಳಿದ. ಒಬ್ಬ ಬಾಣಂತಿಗೆ ಅಂದೆ. ಯಾವ ಊರವಳು ಅಂದ. ದೇವದುರ್ಗದ ಕಡೆ, ಅರಕೇರಾ ಅಂದೆ.

ಬಸಣ್ಣ ಸೂಜಿ ಇದ್ದ ಕೈಯನ್ನು ಹಾಗೇ ಇಟ್ಟುಕೊಂಡು ಅರ್ಧ ಎದ್ದು ಕೂತ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ ಅಕ್ಕಾರ. ಅರಕೇರಾದಾಗ ನಾ ತೋರಿಸಿದ ಮೂರು ಬಾವಿನೂ ಒಣ ಬಿದ್ದಾವ. ನಂದಂತ ಗೊತ್ತಾದ್ರ ಸೂಜಿ ಕಿತ್ತು ಒಗೀತಾರ."

ನಾನು ಬಾಟಲಿಯ ಮೇಲೆ ಗುಂಪಿನ ಹೆಸರಷ್ಟೇ ಬರೆದು ವಾರ್ಡಿಗೆ ಕಳಿಸಿದೆ.